ಚಹಾದಂಗಡಿಯ ಮೇಲೆ ಬಂದು ಕುಳಿತ ವಸ್ತಿ

ನಿವೃತ್ತಿಯಾದ ಮೇಲೆ ಪಿಂಚಣಿಯ ಕಾಗದಕ್ಕೆಂದು ಒಮ್ಮೆ ಹಳೆಯ ಆಫೀಸಿಗೆ ಹೋಗಿದ್ದೆ. ನನ್ನ ಕುರ್ಚಿಯಲ್ಲಿ ಈಗ ಕೂರುವ ಸವಿತಾ ಎಂಬ ಹುಡುಗಿ ಚಹಾ ತರಿಸಿದಳು, ಮೊಣಕಾಲಿನ ನೋವು ವಿಚಾರಿಸಿದಳು, ಆಮೇಲೆ ಮುಗ್ಧವಾಗಿ ಒಂದು ಪ್ರಶ್ನೆ ಹಾಕಿದಳು.

"ಬಾಯಾರ, ಫೋಟೊ ಹೊಡದ ಕೂಡ್ಲೆ ಮೊಬೈಲ್‌ನ್ಯಾಗ ಜಾಗಾ ತಾನಾ ಬರ್ತೈತಲ್ರಿ. ಮತ್ತ ನೀವು ಅಷ್ಟ ವರ್ಷ ಇಲ್ಲಿ ಕುಂತು ಏನ ಮಾಡ್ತಿದ್ರಿ?"

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಆ ಕಟ್ಟಡದ ಗೋಡೆಗಳಿಗೂ ಗೊತ್ತು. ಆದರೆ ಹುಡುಗಿಯ ಮುಖದಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಆಸೆ ಇತ್ತು. ಹಾಗಾಗಿ ಸಿಟ್ಟನ್ನು ಚಹಾದ ಜೊತೆ ನುಂಗಿದೆ. ಅವಳಿಗೆ, ಮತ್ತು ಅವಳಂತೆ ಹೊಸದಾಗಿ ಇಂಥ ಟೇಬಲ್ಲಿಗೆ ಬರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿಲ್ಲ. ಬಡ್ತಿ ಬಂದಾಗ ಪೇಡೆ ಹಂಚಿದೆ, ತಿಂದವರು ಶುಭಾಶಯ ಹೇಳಿದರು, ಮರುದಿನ ಮತ್ತೆ ಅದೇ ಕುರ್ಚಿ, ಅದೇ ಕಿಟಕಿ.

ಹಳ್ಳಿಗಳಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡುವ ಕಚೇರಿ ನಮ್ಮದು. ನಾನು ಸೇರಿದಾಗ ಊರಿನ ಹೆಸರು ಇನ್ನೂ ಬಿಜಾಪುರ. ತಿಕೋಟಾ, ಬಬಲೇಶ್ವರ ಆಗ ತಾಲ್ಲೂಕುಗಳಾಗಿರಲಿಲ್ಲ. ನನ್ನದು ಟೈಪಿಸ್ಟ್ ಕೆಲಸ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ, ಬೆರಳು ಓಡುತ್ತವೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಅದರ ಮುಂದೆ ಕೂರಿಸಿದರು. ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು. ಅದು ಜೀಪಿನ ಚಾಲಕ ದಸ್ತಗೀರ್ ಅವರ ಹೆಗಲೇರಿತು, ಏಕೆಂದರೆ ಯಾವ ಇಂಜಿನಿಯರ್ ರಜೆ ಹಾಕಿದರೂ ಜೀಪು ಮತ್ತು ದಸ್ತಗೀರ್ ಮಾತ್ರ ತಪ್ಪದೆ ಹಳ್ಳಿಗೆ ಹೋಗುತ್ತಿದ್ದರು.

ಅವರು ಹಳ್ಳಿಗಳಿಂದ ಫೋಟೊ ತಂದು ಸುರಿಯುತ್ತಿದ್ದರು, ನಾನು ಅವಕ್ಕೆ ಹೆಸರು ಕೊಡಬೇಕು. "ಇದು ಎಲ್ಲೀದ್ರಿ ದಸ್ತಗೀರಭಾಯಿ?" ಎಂದರೆ, "ಹಣಮಪ್ಪನ ಗುಡಿ ಮುಂದಿನ ಹ್ಯಾಂಡ್‌ಪಂಪ್ ಬಾಯಾರ" ಎನ್ನುತ್ತಿದ್ದರು. ನಾನು ಹಾಗೆಯೇ ಬರೆಯುತ್ತಿದ್ದೆ. ವರ್ಷದ ಕೊನೆಗೆ ನೋಡಿದರೆ ನಮ್ಮಲ್ಲಿದ್ದ ಹ್ಯಾಂಡ್‌ಪಂಪುಗಳೆಲ್ಲ ಹಣಮಪ್ಪನ ಗುಡಿಯ ಮುಂದೆಯೇ ಇದ್ದವು. ಗುಡಿ ಇಲ್ಲದ ಊರು ನಮ್ಮ ಕಡೆ ಯಾವುದಿದೆ? ಗೋಳಗುಮ್ಮಟ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಹ್ಯಾಂಡ್‌ಪಂಪ್ ಎಲ್ಲಿದೆ ಎಂದು ಎಲ್ಲರೂ ಕೇಳುತ್ತಾರೆ. ರಿಪೇರಿಗೆಂದು ಹೋದವರು ಬೇರೆ ಗುಡಿಯ ಮುಂದಿನ ಪಂಪನ್ನು ಬಿಚ್ಚಿ, ಚೆನ್ನಾಗಿ ನಡೆಯುತ್ತಿದ್ದುದನ್ನು ಕೆಡಿಸಿ ಬಂದದ್ದೂ ಉಂಟು.

ಆಗ ಬಂತು ಜಿಪಿಎಸ್. ಅಂಗೈಯಲ್ಲಿ ಹಿಡಿಯುವಷ್ಟಿದ್ದ ಆ ಯಂತ್ರವನ್ನು ದಸ್ತಗೀರ್ ಡಬ್ಬಿ ಎಂದು ಕರೆದರು, ಕೊನೆಯವರೆಗೂ ಅದರ ಹೆಸರು ಡಬ್ಬಿಯೇ ಆಯಿತು. ಜೀಪು ಹೋದಲ್ಲೆಲ್ಲ ಡಬ್ಬಿ ಯಾವ ಗಳಿಗೆಯಲ್ಲಿ ಎಲ್ಲಿದ್ದೆ ಎಂದು ತನ್ನೊಳಗೆ ದಾಖಲಿಸಿಕೊಳ್ಳುತ್ತಿತ್ತು. ಕ್ಯಾಮೆರಾಕ್ಕೆ ತಾನೆಲ್ಲಿದ್ದೇನೆ ಎಂಬುದು ಗೊತ್ತಿರಲಿಲ್ಲ, ಆದರೆ ಪ್ರತಿ ಫೋಟೊ ಎಷ್ಟು ಗಂಟೆಗೆ ತೆಗೆದದ್ದು ಎಂಬುದನ್ನು ಅದು ಬರೆದಿಟ್ಟುಕೊಳ್ಳುತ್ತಿತ್ತು. ಇವೆರಡನ್ನೂ ಕಂಪ್ಯೂಟರಿಗೆ ಹಾಕಿದರೆ ಒಂದು ಸಾಫ್ಟ್‌ವೇರ್ ಎರಡರ ಸಮಯವನ್ನು ಹೊಂದಿಸುತ್ತಿತ್ತು. ಫೋಟೊ ತೆಗೆದಾಗ ಡಬ್ಬಿ ಎಲ್ಲಿತ್ತೋ ಅಲ್ಲಿಗೆ ಫೋಟೊ ಹೋಗಿ ಕೂರುತ್ತಿತ್ತು. ಪರದೆಯ ಎಡಕ್ಕೆ ಫೋಟೊಗಳ ಸಾಲು, ಬಲಕ್ಕೆ ಮೇಲಿನಿಂದ ಕಾಣುವ ಭೂಮಿ, ಅದರ ಮೇಲೆ ಕೆಂಪು ಚುಕ್ಕಿಗಳು. ಸವಿತಾ, ನಾನು ಅಲ್ಲಿ ಕುಳಿತು ಮಾಡುತ್ತಿದ್ದುದು ಇದನ್ನು.

ಮೊದಲ ತಿಂಗಳು ನಗೆಪಾಟಲೇ. ಸಾಫ್ಟ್‌ವೇರ್ ಇಂಗ್ಲೆಂಡಿನ ಗಡಿಯಾರದ ಪ್ರಕಾರ ನಡೆಯುತ್ತಿತ್ತು, ನಮ್ಮದು ಅದಕ್ಕಿಂತ ಐದೂವರೆ ತಾಸು ಮುಂದೆ. ಅದನ್ನು ತಿಳಿಸದೆ ಗುಂಡಿ ಒತ್ತಿದಾಗ ಒಂದು ಫೋಟೊಕ್ಕೂ ಜಾಗ ಸಿಗಲಿಲ್ಲ. ಇನ್ನೊಮ್ಮೆ ಕೈಯಿಂದ ಅಂಕಿ ತುಂಬುವಾಗ ಅಕ್ಷಾಂಶದ ಮನೆಯಲ್ಲಿ ರೇಖಾಂಶ, ರೇಖಾಂಶದ ಮನೆಯಲ್ಲಿ ಅಕ್ಷಾಂಶ ಹಾಕಿದೆ. ಬಬಲೇಶ್ವರದ ನೀರಿನ ಟಾಕಿ ಉತ್ತರ ಧ್ರುವದ ಹತ್ತಿರದ ಸಮುದ್ರದಲ್ಲಿ ಹೋಗಿ ನಿಂತಿತು. ದಸ್ತಗೀರ್ ಬಗ್ಗಿ ನೋಡಿ, "ಛಲೋ ಆತು ಬಿಡ್ರಿ, ಬ್ಯಾಸಗ್ಯಾಗ ತಣ್ಣನ ನೀರ ಸಿಗ್ತಾವ" ಎಂದರು. ಇಂಥ ದೊಡ್ಡ ತಪ್ಪುಗಳಿಗೆ ನಾನು ಎಂದೂ ಹೆದರಲಿಲ್ಲ, ಅವು ತಾವೇ ಎದ್ದು ಕಾಣುತ್ತವೆ. ಪಕ್ಕದ ಮನೆಯಷ್ಟು ದೂರ ತಪ್ಪಿದ್ದನ್ನು ಹಿಡಿಯುವುದು ಕಷ್ಟ.

ಡಬ್ಬಿ ಬರುವುದಕ್ಕೆ ಮೊದಲಿನ ಹಳೆಯ ಫೋಟೊಗಳಿಗೂ ಜಾಗ ಕೊಡಬೇಕೆಂದು ಆಜ್ಞೆ ಬಂತು. ಅವಕ್ಕೆ ಯಾವ ಜಾಡೂ ಇಲ್ಲ. ಫೋಟೊವನ್ನು ಮೌಸಿನಿಂದ ಎಳೆದು ನಕ್ಷೆಯ ಮೇಲೆ ಬಿಡಬೇಕು. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳನ್ನು ಮೇಲಿನಿಂದ ನೋಡಿದರೆ ಎಲ್ಲವೂ ಬಾಚಣಿಗೆಯಿಂದ ಗೀರಿದ ಹಾಗೆ ಒಂದೇ ರೀತಿ. ದ್ರಾಕ್ಷಿಯನ್ನು ಮಣೂಕವಾಗಿ ಒಣಗಿಸುವ ಉದ್ದನೆಯ ಶೆಡ್ಡುಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದರ ಮೇಲೆ ನಾನು ತೋಟಗಳನ್ನು ಗುರುತಿಸಲು ಕಲಿತೆ.

ಒಂದು ಫೋಟೊದಲ್ಲಿ ಮಾತ್ರ ಏನೂ ಇರಲಿಲ್ಲ. ಒಂದು ಹ್ಯಾಂಡ್‌ಪಂಪ್, ಹಿಂದೆ ಬರೀ ಮಣ್ಣಿನ ಗೋಡೆ, ಬದಿಯಲ್ಲಿ ಒಂದು ಎಮ್ಮೆ. ದಸ್ತಗೀರ್ ಕನ್ನಡಕ ಏರಿಸಿ ನೋಡಿದರು. "ಇದು ತಿಕೋಟಾದ ಮಲ್ಲಪ್ಪನ ಎಮ್ಮಿ ಅಲ್ರಿ? ಕ್ವಾಡು ನೋಡ್ರಿ, ಒಂದ ಮ್ಯಾಲ, ಒಂದ ಕೆಳಗ. ಇಂಥಾ ಎಮ್ಮಿ ಜಿಲ್ಲಾದಾಗ ಇನ್ನೊಂದಿಲ್ಲ."

ನಾನು ನಂಬಿ ಫೋಟೊವನ್ನು ತಿಕೋಟಾದಲ್ಲಿ ಬಿಟ್ಟೆ. ಆರು ತಿಂಗಳಾದ ಮೇಲೆ ನಿಡೋಣಿಯಿಂದ ದೂರು ಬಂತು, ನಮ್ಮೂರಿನ ಹ್ಯಾಂಡ್‌ಪಂಪ್ ಲೆಕ್ಕದಲ್ಲೇ ಇಲ್ಲವಲ್ಲ ಎಂದು. ವಿಚಾರಿಸಿದರೆ ಎಮ್ಮೆ ಮಲ್ಲಪ್ಪನದೇ ಹೌದು, ಆದರೆ ಫೋಟೊ ತೆಗೆಯುವ ಹೊತ್ತಿಗೆ ಆತ ಅದನ್ನು ನಿಡೋಣಿಯವರಿಗೆ ಮಾರಿದ್ದ. ಅವತ್ತಿನಿಂದ ನನ್ನ ಕೆಲಸದ ಮೊದಲ ನಿಯಮ: ಜಾಗ ಗುರುತಿಸುವಾಗ ಎದ್ದು ಓಡಾಡುವ ಯಾವುದನ್ನೂ ನಂಬಬೇಡ, ನಿಂತಲ್ಲೇ ನಿಲ್ಲುವುದನ್ನು ಹುಡುಕು. ಆ ಎಮ್ಮೆ ಕಲಿಸಿದ್ದು ಮುಂದೆ ಬಹಳ ದೊಡ್ಡ ಕೆಲಸಕ್ಕೆ ಬಂತು.

ಈಗ ದೇಶಪಾಂಡೆ ಸಾಹೇಬರ ಬಗ್ಗೆ ಹೇಳಬೇಕು. ನಾನು ಕಂಡ ಅಧಿಕಾರಿಗಳಲ್ಲಿ ಕೆಲವರು ಕೂಗುತ್ತಿದ್ದರು, ಕೆಲವರು ಬರೀ ಸಹಿ ಹಾಕುತ್ತಿದ್ದರು. ಇವರು ಗಡಿಯಾರ ನೋಡುತ್ತಿದ್ದರು. ಬಂದ ವಾರವೇ ಹಾಲ್‌ನ ಗೋಡೆ ಗಡಿಯಾರವನ್ನು ಇಳಿಸಿ ಕಾಲು ತಾಸಿನಷ್ಟು ಮುಂದಕ್ಕೆ ತಿರುಗಿಸಿದರು.

"ನಮ್ಮ ಮನ್ಯಾಗ ಎಲ್ಲಾ ಗಡಿಯಾರ ಮುಂದನ ಅವ. ನಮ್ಮ ತಂದೆಯವರು ಹಂಗ ರೂಢಿ ಮಾಡ್ಯಾರ. ಇವತ್ತಿನ ತನಕಾ ಒಂದು ಬಸ್ ತಪ್ಪಿಲ್ಲ ನಮಗ" ಎಂದರು.

ನಮ್ಮ ಕಡೆ ಇದೇನು ಹೊಸದಲ್ಲ. ಬಸ್ಸಿಗೆ ಓಡುವವರ ಮನೆಗಳಲ್ಲಿ ಗೋಡೆಯ ಗಡಿಯಾರ ಸ್ವಲ್ಪ ಮುಂದೆಯೇ ಇರುತ್ತದೆ. ಮೊದಲ ಕೆಲವು ದಿನ ನಾವೆಲ್ಲ ಗಾಬರಿಯಿಂದ ಬೇಗ ಬಂದೆವು. ಆಮೇಲೆ ತಲೆ ತಾನಾಗಿಯೇ ಅಷ್ಟನ್ನು ಕಳೆದು ನೋಡಲು ಕಲಿಯಿತು. ಮೊದಲು ಎಷ್ಟು ತಡವಾಗಿ ಬರುತ್ತಿದ್ದೆವೋ ಅಷ್ಟೇ ತಡವಾಗಿ ಮತ್ತೆ ಬರತೊಡಗಿದೆವು. ಸಾಹೇಬರಿಗೂ ಇದು ಗೊತ್ತಿತ್ತೆಂದು ಕಾಣುತ್ತದೆ, ಆದರೂ ಗಡಿಯಾರವನ್ನು ಹಿಂದಕ್ಕೆ ತಿರುಗಿಸಲಿಲ್ಲ.

ಆ ವರ್ಷ ನಮ್ಮ ಕೈಯಲ್ಲಿದ್ದುದು ಹೊಲದ ವಸ್ತಿಗಳಿಗೆ ಕೊಳವೆ ಹಾಕುವ ಯೋಜನೆ. ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡು ಇರುವ ಕೆಲವು ಮನೆಗಳ ಗುಂಪಿಗೆ ನಮ್ಮ ಕಡೆ ವಸ್ತಿ ಎನ್ನುತ್ತಾರೆ. ಊರಿಗೆ ನಳ ಬಂದರೂ ವಸ್ತಿಗೆ ಬಂದಿರುವುದಿಲ್ಲ. ದಸ್ತಗೀರ್ ಒಂದು ದಿನ ಜೈನಾಪುರ ಮುಗಿಸಿ, ಕಾಖಂಡಕಿಯ ಹೊರಗಿನ ಗುರಿಕಾರ ವಸ್ತಿಗೆ ಹೋಗಿ, ಅಲ್ಲಿನ ಮನೆಗಳ ಫೋಟೊ ತೆಗೆದು, ಕಾಖಂಡಕಿಯಲ್ಲಿ ಚಹಾ ಕುಡಿದು ಬಂದರು. ನಾನು ಎಂದಿನಂತೆ ಸಮಯ ಹೊಂದಿಸಿ, ಜಾಗ ಸೇರಿಸಿ, ಮೇಲಿನ ಕಚೇರಿಗೆ ಕಳಿಸಿದೆ. ಕೆಲವು ದಿನಗಳಲ್ಲಿ ಗುರಿಕಾರ ವಸ್ತಿಯನ್ನು ಕೈಬಿಟ್ಟು ಉತ್ತರ ಬಂತು. ಈ ಮನೆಗಳು ಕಾಖಂಡಕಿ ಊರೊಳಗೇ ಇವೆ, ಅಲ್ಲಿ ಈಗಾಗಲೇ ನಳಗಳಿವೆ ಎಂದು.

ನಕ್ಷೆ ತೆಗೆದು ನೋಡಿದೆ. ಹೌದು, ಚುಕ್ಕಿಗಳೆಲ್ಲ ಊರ ನಡುವೆ ಒಂದರ ಮೇಲೊಂದು ಬಿದ್ದಿದ್ದವು. ನಾನು ಕಾಖಂಡಕಿ ಕಂಡವಳಲ್ಲ. ಊರೊಳಗಿನ ಯಾವುದೋ ಓಣಿಗೇ ವಸ್ತಿ ಎನ್ನುತ್ತಾರೇನೋ ಎಂದುಕೊಂಡು ಸುಮ್ಮನಾದೆ.

ಸುಮ್ಮನಾಗದೆ ಇದ್ದವರು ನೀಲವ್ವ. ಗುರಿಕಾರ ವಸ್ತಿಯ ಹಿರಿಯ ಹೆಂಗಸು. ಒಂದು ಬೆಳಿಗ್ಗೆ ಬಸ್ಸು ಹಿಡಿದು ವಿಜಯಪುರಕ್ಕೆ ಬಂದು, ಕೇಳಿಕೊಂಡು ಕೇಳಿಕೊಂಡು ನನ್ನ ಟೇಬಲ್ ಮುಂದೆ ನಿಂತರು. ಹಸಿರು ಇಳಕಲ್ ಸೀರೆ, ಕೈಯಲ್ಲಿ ಬುತ್ತಿಯ ಗಂಟು.

"ನಮ್ಮ ಮನಿ ಊರಾಗ ಐತಿ ಅಂತ ಬರದೀರಂತ ಹೌದೇನ್ರಿ? ಊರಾಗಿದ್ದಿದ್ರ ನಾ ಯಾಕ ದಿನಾ ಮಂದಿ ಹೊಲದ ಬೋರಿಗೆ ಕೊಡ ಹೊತ್ತು ಹೋಗ್ತಿದ್ನಿ? ಕರೆಂಟ್ ಬಂದಾಗ ನೀರ, ಇಲ್ಲಾಂದ್ರ ಇಲ್ಲ. ಸೊಸಿ ಹೊಟ್ಟಿಲೇ ಅದಾಳ, ಅಕೀಗೆ ಹೊರಸಾಕ ಆಗೂದಿಲ್ಲ. ನನ್ನ ಮೊಣಕಾಲ ನೋಡ್ರಿ, ಹೆಂಗ ಬಾತಾವ."

ಯೋಜನೆಯ ಸಭೆ ಆ ವಾರದಲ್ಲೇ ಇತ್ತು. ಅದು ಮುಗಿದರೆ ಗುರಿಕಾರ ವಸ್ತಿಯ ಹೆಸರು ಮತ್ತೆ ಯಾವಾಗ ಬರುತ್ತದೆಂದು ಯಾರೂ ಹೇಳುವ ಹಾಗಿರಲಿಲ್ಲ. ನಾನು ಪರದೆಯನ್ನು ನೀಲವ್ವನ ಕಡೆ ತಿರುಗಿಸಿ ಚುಕ್ಕಿಗಳನ್ನು ತೋರಿಸಿದೆ.

"ನೋಡ್ರಿ, ನಾ ಹೇಳಿದ್ದಲ್ಲ ಇದು. ಡಬ್ಬಿ ಹೇಳಿದ್ದು. ಇಲ್ಲಿ ಊರಾಗ ಅದಾವ ಅಂತೈತಿ."

ನೀಲವ್ವ ಪರದೆಯನ್ನು ನೋಡಲಿಲ್ಲ, ನನ್ನನ್ನೇ ನೋಡಿದರು. "ಡಬ್ಬಿ ನಮ್ಮ ಮನೀಗಿ ಬಂದಿತ್ತಲ್ಲ ತಂಗಿ. ಕಟ್ಟಿ ಮ್ಯಾಲ ಇಟ್ಟಿದ್ರು. ಬಂದು ಹೋದ ಮನಿ ಮರತೈತೇನ ಅದು?"

ಇಂಥ ಪ್ರಶ್ನೆ ಬಂದಾಗ ನಮ್ಮ ಆಫೀಸಿನಲ್ಲಿ ಚಹಾ ತರಿಸುವುದು ವಾಡಿಕೆ, ನಾನೂ ತರಿಸಿದೆ. ನೀಲವ್ವ ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದವರೇ, ಗೋಡೆಯ ಗಡಿಯಾರ ನೋಡಿ ಬಸಿ ಕೆಳಗಿಟ್ಟು ಎದ್ದುಬಿಟ್ಟರು.

"ಯವ್ವಾ! ನಮ್ಮ ಬಸ್ ಹೋತಲ್ಲ! ಇನ್ನ ಸಂಜೀ ತನಕಾ ಇಲ್ಲ!"

"ಕುಂದರ್ರಿ, ಕುಂದರ್ರಿ. ಬಸ್ ಎಲ್ಲೂ ಹೋಗಿಲ್ಲ. ನಮ್ಮ ಗಡಿಯಾರ ಮುಂದ ಐತಿ. ಅದನ್ನ ನಂಬಬ್ಯಾಡ್ರಿ" ಎಂದೆ.

ಹೇಳಿದ ಮಾತು ನನ್ನ ಕಿವಿಗೇ ಬಡಿದು, ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಈ ಗಡಿಯಾರ ಮುಂದಿದೆ ಎಂಬುದು ಸಾಹೇಬರಿಗೆ ಗೊತ್ತು, ನನಗೆ ಗೊತ್ತು, ಕಸ ಹೊಡೆಯುವವರಿಗೂ ಗೊತ್ತು. ಎಲ್ಲರೂ ಅಷ್ಟನ್ನು ಕಳೆದೇ ನೋಡುತ್ತೇವೆ. ಕಳೆಯಬೇಕೆಂದು ಕ್ಯಾಮೆರಾಕ್ಕೆ ಯಾರಾದರೂ ಹೇಳಿದ್ದಾರೆಯೇ? ದಸ್ತಗೀರ್ ಹೊರಗೆ ಜೀಪು ಒರೆಸುತ್ತಿದ್ದರು. ಕಿಟಕಿಯಿಂದಲೇ ಕೂಗಿದೆ.

"ದಸ್ತಗೀರಭಾಯಿ, ಕ್ಯಾಮೆರಾದ ಟೈಮ್ ಯಾವ ಗಡಿಯಾರ ನೋಡಿ ಇಟ್ಟೀರಿ?"

ಅವರು ಒಳಗೆ ಬಂದು ಗೋಡೆಯ ಕಡೆ ಕೈ ಮಾಡಿದರು. "ಇದನ್ನ ನೋಡಿ ಇಟ್ಟೇನ್ರಿ. ಬ್ಯಾಟರಿ ಸತ್ತು ಟೈಮ್ ಅಳಿಸಿತ್ತಲ್ರಿ ಹೋದ ತಿಂಗಳ. ಆಫೀಸ್ ಕ್ಯಾಮೆರಾ, ಆಫೀಸ್ ಟೈಮ್. ಯಾಕ್ರಿ?"

ಯಾಕೆಂದು ಹೇಳುವ ಮೊದಲು ನಾನು ಕಂಪ್ಯೂಟರಿಗೆ ತಿರುಗಿದ್ದೆ. ವಸ್ತಿಯಲ್ಲಿ ಫೋಟೊ ತೆಗೆದ ಹೊತ್ತನ್ನು ಕ್ಯಾಮೆರಾ ಕಾಲು ತಾಸು ಮುಂದಿನದೆಂದು ಬರೆದುಕೊಂಡಿದೆ. ಆ ಕಾಲು ತಾಸು ಕಳೆದ ಮೇಲೆ ಡಬ್ಬಿ ಎಲ್ಲಿತ್ತು? ದಸ್ತಗೀರ್ ಜೊತೆ ಕಾಖಂಡಕಿಯ ಚಹಾದಂಗಡಿಯಲ್ಲಿತ್ತು. ಒಂದು ಇಡೀ ವಸ್ತಿಯನ್ನು, ಅದರ ಕಟ್ಟೆ, ಕೊಟ್ಟಿಗೆ, ಜೋಳದ ಕಣಕಿಯ ಬಣವೆ ಸಮೇತ, ನಾವು ಚಹಾದಂಗಡಿಯ ಮೇಲೆ ತಂದು ಕೂರಿಸಿದ್ದೆವು.

ಆದರೆ ಗಡಿಯಾರ ಸರಿಯಾಗಿ ಎಷ್ಟು ಮುಂದಿತ್ತೆಂದು ಯಾರಿಗೆ ಗೊತ್ತು? ನಡುವೆ ಅದರ ಸೆಲ್ ಬದಲಿಸಿದ್ದರು, ಅಂದಾಜಿನ ಮೇಲೆ ಮತ್ತೆ ಮುಂದಕ್ಕೆ ಇಟ್ಟಿದ್ದರು. ಆಗ ಎಮ್ಮೆ ನೆನಪಾಯಿತು. ನಿಂತಲ್ಲೇ ನಿಲ್ಲುವುದನ್ನು ಹುಡುಕು. ಅವತ್ತಿನ ಫೋಟೊಗಳಲ್ಲಿ ಕಾಖಂಡಕಿಯ ನೀರಿನ ಟಾಕಿಯದೂ ಒಂದಿತ್ತು. ಚಹಾ ಮುಗಿಸಿ ಹೊರಡುವಾಗ ಅದರ ಬುಡದಲ್ಲೇ ನಿಂತು ದಸ್ತಗೀರ್ ತೆಗೆದದ್ದು. ನಕ್ಷೆಯಲ್ಲಿ ಆ ಫೋಟೊ ಊರು ದಾಟಿ ಎಲ್ಲೋ ರಸ್ತೆಯ ಮೇಲೆ ಬಿದ್ದಿತ್ತು. ಟಾಕಿಯ ದುಂಡನೆಯ ನೆತ್ತಿ ಮಾತ್ರ ಮೇಲಿನಿಂದ ಸ್ಪಷ್ಟವಾಗಿ ಊರೊಳಗೆ ಕಾಣುತ್ತಿತ್ತು.

ಸಮಯದ ವ್ಯತ್ಯಾಸ ತುಂಬಲು ಸಾಫ್ಟ್‌ವೇರಿನಲ್ಲಿ ಒಂದು ಸಣ್ಣ ಖಾನೆ ಇತ್ತು. ಅದರಲ್ಲಿ ಒಂದೊಂದೇ ನಿಮಿಷ ಹಿಂದಕ್ಕೆ ಹಾಕುತ್ತ ಹೋದೆ. ಟಾಕಿಯ ಫೋಟೊ ರಸ್ತೆ ಹಿಡಿದು ಊರ ಕಡೆಗೆ ಹಿಮ್ಮುಖವಾಗಿ ಸರಿಯಿತು. ಅದರ ಜೊತೆಗೇ ಚಹಾದಂಗಡಿಯ ಮೇಲಿದ್ದ ಮನೆಗಳೂ ಒಂದೊಂದಾಗಿ ಎದ್ದು ದಾರಿ ಹಿಡಿದವು. ಟಾಕಿ ಟಾಕಿಯ ಮೇಲೆ ಸರಿಯಾಗಿ ಬಂದು ನಿಂತಾಗ, ಹೊಲದ ನಡುವೆ ಒಂದು ಬೇವಿನ ಮರದ ಸುತ್ತ ಇದ್ದ ಮಾಳಿಗೆಯ ಮನೆಗಳ ಮುಂದೆ ಒಂದೊಂದು ಕೆಂಪು ಚುಕ್ಕಿ ಕೂತಿತ್ತು. ಈ ಕೆಲಸದಲ್ಲಿ ನಾನು ಪಟ್ಟ ಅತಿ ದೊಡ್ಡ ಸಂತೋಷ ಅದೇ.

ಚುಕ್ಕಿ ಒತ್ತಿ ಫೋಟೊ ತೆರೆದೆ. ಬಾಗಿಲಲ್ಲಿ ನೀಲವ್ವ ತಾವೇ ನಿಂತಿದ್ದರು. ಈ ಸಲ ಅವರು ಪರದೆಗೆ ಮೂಗು ತಾಗಿಸಿ ನೋಡಿದರು.

"ಬೇವಿನ ಗಿಡ ನಮ್ದ. ಮನಿ ನಮ್ದ. ಇಲ್ಲೇ ಐತಲ್ಲ ಬೇ! ಮತ್ತ ಇಷ್ಟ ದಿನಾ ಎಲ್ಲಿ ಹೋಗಿತ್ತ?"

"ಚಹಾ ಕುಡ್ಯಾಕ ಹೋಗಿತ್ತ ಆಯಿ, ನನ್ನ ಕೂಡ" ಎಂದರು ದಸ್ತಗೀರ್.

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕಣ್ಣೂ ಒರೆಸಿಕೊಂಡರು. ಅವರಿಗೆ ಬಸ್ಸೂ ಸಿಕ್ಕಿತು.

ಇನ್ನು ಸಾಹೇಬರಿಗೆ ಹೇಳಬೇಕಿತ್ತು. ನಿಮ್ಮ ತಂದೆಯವರ ರೂಢಿಯಿಂದ ಒಂದು ವಸ್ತಿಯ ನೀರು ತಪ್ಪುತ್ತಿದೆ ಎಂದು ಯಾವ ಬಾಯಿಂದ ಹೇಳುವುದು? ಆದರೂ ಹೋದೆ, ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಗಡಿಯಾರದ್ದು ಏನೂ ತಪ್ಪಿಲ್ಲ. ಕ್ಯಾಮೆರಾಕ್ಕ ಹೇಳಬೇಕಾಗಿತ್ತು" ಎಂದರು. ಆಮೇಲೆ ಅವರು ಕೇಳಿದ ಪ್ರಶ್ನೆ ಮಾತ್ರ ನ್ಯಾಯದ್ದು. "ಅಲ್ರಿ ಸುಮಿತ್ರಾಬಾಯಿ, ಫೋಟೊ ಮೌಸ್‌ಲೆ ಜಗ್ಗಿ ಎಲ್ಲಿ ಬೇಕಾದಲ್ಲಿ ಇಡಬಹುದು. ಅದಕ್ಕೂ ನೀವು ಮಾಡಿದ್ದಕ್ಕೂ ಫರಕ ಏನದ?"

"ಜಗ್ಗಿದ್ರ ಒಂದ ಮನಿ ನಾ ಹೇಳಿದಲ್ಲಿ ಹೋಗ್ತೈತಿ ಸರ್. ಇಲ್ಲಿ ನಾ ಯಾವ ಮನೀನೂ ಮುಟ್ಟಿಲ್ಲ. ಗಡಿಯಾರ ಅಷ್ಟ ಸರಿ ಮಾಡೇನಿ. ಟಾಕಿ ಟಾಕಿ ಮ್ಯಾಲ ಹೋತು, ಮನಿಗೋಳು ತಮ್ಮ ತಮ್ಮ ಜಾಗಾಕ್ಕ ತಾವ ಹೋದ್ವು."

"ನನಗ ತಿಳೀತು. ಮೀಟಿಂಗ್‌ನ್ಯಾಗ ಕೂತವರಿಗೂ ತಿಳೀಬೇಕಲ್ಲ? ಇವರು ಆಫೀಸಿನ್ಯಾಗ ಕೂತು ಸರಿಸ್ಯಾರ ಅಂತ ಒಬ್ಬ ಅಂದ್ರ ಮುಗೀತು. ನಾಳೆ ಮುಂಜಾನೆ ಹೋಗೋಣ. ಹೊಸಾ ಫೋಟೊ ತಗೊಂಡು ಹಳೇವುಗಳ ಬಾಜೂಕ ಇಡೋಣ. ನೀವೂ ಬರ್ರಿ."

ಜೀಪನ್ನು ಅವತ್ತು ಬೇರೊಬ್ಬ ಚಾಲಕ ಬೇರೆ ಕೆಲಸಕ್ಕೆ ಒಯ್ಯುವುದಿತ್ತು. ಸಾಹೇಬರು ತಮ್ಮ ಸ್ವಂತ ಕಾರು ತಂದರು, ಹೇಳಿದ ಹೊತ್ತಿಗಿಂತ ಮೊದಲೇ. ದಸ್ತಗೀರ್ ಕ್ಯಾಮೆರಾ, ಡಬ್ಬಿ ಹಿಡಿದು ಮುಂದೆ ಕೂತರು. ಅಷ್ಟು ವರ್ಷ ಹಳ್ಳಿಗಳ ಫೋಟೊ ನೋಡಿದವಳು ನಾನು, ಆದರೆ ಫೋಟೊದ ಹಳ್ಳಿಯೊಳಗೆ ಕಾಲಿಟ್ಟದ್ದು ಅವತ್ತೇ ಮೊದಲು.

ವಸ್ತಿ ಸಮೀಪಿಸಿದಂತೆ ನನಗೆ ಎಲ್ಲ ಗೊತ್ತಿದ್ದ ಜಾಗದಂತೆಯೇ ಅನಿಸಿತು. ಕಾರಿನ ಸದ್ದಿಗೆ ಅಂಗಳಕ್ಕೆ ಬಂದ ನೀಲವ್ವನಿಗೆ, "ಹಿಂದ ದನದ ಕೊಟಗಿ ಐತಿ, ತಗಡಿನ ಮ್ಯಾಲ ಒಂದು ಟೈರ್ ಇಟ್ಟಾರ" ಎಂದೆ. ನೀಲವ್ವ ಬೆರಗಾಗಿ, "ನಮ್ಮ ಮಾಳಗಿ ಯಾವಾಗ ಹತ್ತಿದ್ದಿ ತಂಗಿ?" ಎಂದರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ಬೋರಿನ ದಾರಿಯವರೆಗೆ ಉಳಿಯಿತು.

ನೀರು ತರುವ ದಾರಿ ನೋಡುತ್ತೇನೆಂದು ನೀಲವ್ವನ ಜೊತೆ ಹೊರಟೆ. ನಕ್ಷೆಯಲ್ಲಿ ಅದು ಬೆರಳುದ್ದದ ಗೆರೆ. ಹೋಗುವಾಗ ಇಳಿಜಾರು, ಮಾತಾಡುತ್ತ ಇಳಿದೆವು. ಕೊಡ ತುಂಬಿಕೊಂಡು ಬರುವಾಗ ಅಷ್ಟೂ ಏರು. ಕಪ್ಪು ಮಣ್ಣು ಕಾಲಿಗೆ ಅಂಟುತ್ತಿತ್ತು. ಬರಿಗೈಯಲ್ಲಿ ಬರುತ್ತಿದ್ದ ನಾನು ನಡುವೆ ಒಡ್ಡಿನ ಮೇಲೆ ಕುಳಿತುಬಿಟ್ಟೆ, ಕೊಡ ಹೊತ್ತ ನೀಲವ್ವ ನನಗಾಗಿ ನಿಂತು ಕಾದರು. ಮೇಲಿನಿಂದ ನೋಡಿದರೆ ಏರು ಕಾಣುವುದಿಲ್ಲ. ಆ ಏರನ್ನು ನಾನು ಯಾವ ಫೋಟೊಕ್ಕೂ ಸೇರಿಸಿರಲಿಲ್ಲ. ಸವಿತಾ, ವರ್ಷಕ್ಕೊಮ್ಮೆಯಾದರೂ ಕುರ್ಚಿ ಬಿಟ್ಟು ಜೀಪು ಹತ್ತು.

ಫೋಟೊ ತೆಗೆಯುವ ಮೊದಲು ನಾನು ದಸ್ತಗೀರ್‌ಗೆ ಹೇಳಿದೆ, ಮೊಟ್ಟಮೊದಲ ಫೋಟೊ ಡಬ್ಬಿಯದೇ ಇರಲಿ, ಅದರ ಪರದೆಯ ಮೇಲಿನ ಸಮಯ ಓದಲು ಬರಬೇಕು ಎಂದು. ಡಬ್ಬಿಗೆ ಸಮಯ ಆಕಾಶದಿಂದ ಬರುತ್ತದೆ, ಅದನ್ನು ಯಾವ ಸಾಹೇಬರೂ ತಿರುಗಿಸಲಾರರು. ಕ್ಯಾಮೆರಾದ ಗಡಿಯಾರ ಎಷ್ಟೇ ತಪ್ಪಿರಲಿ, ಆ ಒಂದು ಫೋಟೊದಿಂದ ವ್ಯತ್ಯಾಸ ಸಿಗುತ್ತದೆ. ಸಾಹೇಬರು ಅದಕ್ಕೆ ಒಪ್ಪಿ, ತಾಳೆ ನೋಡಲೆಂದು ತಮ್ಮ ಕೈಗಡಿಯಾರವನ್ನು ಡಬ್ಬಿಯ ಪಕ್ಕ ಹಿಡಿದರು, ಆಮೇಲೆ ಏನೋ ನೆನಪಾಗಿ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡರು. "ಇದನ್ನ ಬಿಡ್ರಿ" ಎಂದರು. ದಸ್ತಗೀರ್ ಕಾರಿನ ಹಿಂದೆ ಹೋಗಿ ನಕ್ಕು ಬಂದರು.

ಸಭೆಯಲ್ಲಿ ಸಾಹೇಬರು ಹಳೆಯ ಫೋಟೊ, ಹೊಸ ಫೋಟೊ ಅಕ್ಕಪಕ್ಕ ತೋರಿಸಿದರಂತೆ. ಚಹಾದಂಗಡಿಯ ಕಥೆಯನ್ನೂ, ಅದು ತಮ್ಮ ಗಡಿಯಾರದಿಂದ ಆದದ್ದೆಂಬುದನ್ನೂ ತಾವೇ ಹೇಳಿದರಂತೆ. ಎಲ್ಲರೂ ನಕ್ಕರು, ಗುರಿಕಾರ ವಸ್ತಿ ಯೋಜನೆಯೊಳಗೆ ಬಂತು. ನಮ್ಮೆದುರು ಗಡಿಯಾರದ ತಪ್ಪನ್ನು ಒಪ್ಪದ ಮನುಷ್ಯ ನೀಲವ್ವನಿಗಾಗಿ ದೊಡ್ಡವರ ನಡುವೆ ಒಪ್ಪಿದರು. ಅದಕ್ಕೇ ನನಗೆ ಅವರ ಮೇಲೆ ಇವತ್ತಿಗೂ ಗೌರವ. ಗೋಡೆಯ ಗಡಿಯಾರವನ್ನು ಮಾತ್ರ ಸರಿಮಾಡಲಿಲ್ಲ. ಕ್ಯಾಮೆರಾದ ಬ್ಯಾಟರಿ ಸತ್ತ ದಿನದಿಂದ ಬಂದ ಫೋಟೊಗಳನ್ನೆಲ್ಲ ನಾನು ಮತ್ತೆ ಕೂತು ಹಿಂದಕ್ಕೆ ಸರಿಸಿದೆ. ಜೈನಾಪುರದ ದನದ ತೊಟ್ಟಿಯೂ ಯಾರದೋ ಜೋಳದ ಹೊಲದಿಂದ ತನ್ನ ಜಾಗಕ್ಕೆ ಮರಳಿತು.

ಈಗ ಡಬ್ಬಿ ಇಲ್ಲ. ಮೊಬೈಲೇ ಕ್ಯಾಮೆರಾ, ಮೊಬೈಲೇ ಡಬ್ಬಿ. ಹುಡುಗರಿಗೆ 'ಸಮಯ ಹೊಂದಿಸುವುದು' ಎಂದರೆ ಅರ್ಥವೇ ಆಗುವುದಿಲ್ಲ. ಆದರೆ ಜೇಬಿನಿಂದ ತೆಗೆದ ಕೂಡಲೇ ಹೊಡೆದ ಫೋಟೊಕ್ಕೆ ಮೊಬೈಲು ಎಷ್ಟೋ ಸಲ ಹಿಂದೆ ಇದ್ದ ಜಾಗವನ್ನೇ ಅಂಟಿಸುತ್ತದೆ. ಒಬ್ಬರಿಂದ ಒಬ್ಬರಿಗೆ ಕಳಿಸುತ್ತ ಬಂದ ಫೋಟೊದಲ್ಲಿ ಎಷ್ಟೋ ಸಲ ಜಾಗದ ಮಾಹಿತಿಯೇ ಉದುರಿ ಹೋಗಿರುತ್ತದೆ. ಯಂತ್ರ ಬದಲಾಗಿದೆ, ಚುಕ್ಕಿಯನ್ನು ಕಣ್ಣಿಟ್ಟು ನೋಡುವ ಕೆಲಸ ಹಾಗೇ ಇದೆ.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ಗುರಿಕಾರ ವಸ್ತಿಗೆ ನೀರು ಬಂತು. ಕೆಲಸ ಮುಗಿದದ್ದಕ್ಕೆ ನಳದ ಫೋಟೊ ಬೇಕಿತ್ತು. ನಾನೂ ಬರುತ್ತೇನೆಂದು ಹಟ ಹಿಡಿದು ಜೀಪಿನ ಮುಂದಿನ ಸೀಟಿನಲ್ಲಿ ಕೂತೆ.

ಬೇವಿನ ಮರದ ಕೆಳಗೆ ನಳ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವು ಏರಿಸಿದ್ದರು. ಸೊಸೆ ಕಂಕುಳಲ್ಲಿ ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನೀಲವ್ವ ಅದೇ ಹಸಿರು ಸೀರೆಯುಟ್ಟು, ತೊಳೆದ ಹಿತ್ತಾಳೆಯ ಕೊಡವನ್ನು ನಳದ ಕೆಳಗಿಟ್ಟು ತಿರುವಿದರು. ನೀರು ಮೊದಲು ಕೆಮ್ಮಿತು, ಆಮೇಲೆ ಧೋ ಎಂದು ಬಿತ್ತು. ದಸ್ತಗೀರ್ ಅದನ್ನೇ ನೋಡುತ್ತ ಮೈಮರೆತು, ಸೀದಾ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದರು.

ನೀಲವ್ವ ಕೈ ಅಡ್ಡ ಹಿಡಿದರು.

"ತಡಿಯೋ ಯಪ್ಪಾ, ಅವಸರ ಮಾಡಬ್ಯಾಡ. ಮೊದಲ ಡಬ್ಬಿ ಫೋಟೊ ತಗೋ. ಇಲ್ಲಾಂದ್ರ ನನ್ನ ನಳ ಮತ್ತ ಚಹಾದಂಗಡಿಗಿ ಹೋದೀತು!"

ದಸ್ತಗೀರ್ ನಾಲಿಗೆ ಕಚ್ಚಿಕೊಂಡು ಡಬ್ಬಿಯನ್ನು ನಳದ ಕಟ್ಟೆಯ ಮೇಲಿಟ್ಟರು. ಮೊದಲು ಅದರ ಫೋಟೊ, ಆಮೇಲೆ ನೀಲವ್ವನದು.

ಮರಳಿ ಬಂದು ಕಂಪ್ಯೂಟರಿಗೆ ಹಾಕಿದೆ. ವ್ಯತ್ಯಾಸ ತುಂಬಿ ಗುಂಡಿ ಒತ್ತಿದೆ. ಚುಕ್ಕಿ ಬೇವಿನ ಮರದ ನೆರಳಿನಲ್ಲಿ, ನೀಲವ್ವನ ಅಂಗಳದಲ್ಲಿ ಬಂದು ಕೂತಿತು. ಅದನ್ನು ಎಲ್ಲಿಗೂ ಸರಿಸಬೇಕಾಗಿರಲಿಲ್ಲ. ನಾನು ಮೌಸಿನ ಮೇಲಿಂದ ಕೈ ತೆಗೆದು, ಎರಡು ಚಹಾ ಹೇಳಿದೆ. ಒಂದು ನನಗೆ, ಒಂದು ದಸ್ತಗೀರ್‌ಗೆ.